ಬಿಜಾಪುರದವನಿಗೆ ‘ಮುಂಗಾರು ಮಳೆ’ ಹುಚ್ಚು ಯಾಕೆ?

"ಇನ್ನಾ ‘ಮುಂಗಾರು ಮಳೆ’ನ ನೋಡ್ಕೋತ ಕುಂತೀರೇನ್ರಿ? ಏನೈತ್ರಿ ಅದ್ರಾಗ ಅಂಥಾದ್ದು?"

ಮದುವೆ ಆಲ್ಬಂ ಒಯ್ಯಲು ನನ್ನ ಸ್ಟುಡಿಯೋಗೆ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ಕತೆ ಗೊತ್ತು. ಕೊನೆಗೆ ಹುಡುಗಿ ಸಿಗಲ್ಲ, ದೇವದಾಸ ಅನ್ನೋ ಮೊಲ ಸಾಯುತ್ತೆ, ಅದೂ ಗೊತ್ತು. ಆದರೂ ನೋಡ್ತೀನಿ.

ಅರ್ಧ ಕಾರಣ ನಮ್ಮ ಊರೇ. ಇಲ್ಲಿ ವರ್ಷಕ್ಕೆ ಬೀಳುವುದು 600 ಮಿಲಿಮೀಟರ್ ಆಸುಪಾಸು. ನಮ್ಮ ಬಿಳಿಜೋಳ ನಂಬಿಕೊಂಡಿರುವುದು ಹಿಂಗಾರಿಯನ್ನು. ಮುಂಗಾರಿ ಎಷ್ಟೋ ವರ್ಷ ಮೋಡ ತೋರಿಸಿ, ಧೂಳು ಎಬ್ಬಿಸಿ, ಮುಂದಿನ ಊರಿಗೆ ಹೋಗಿಬಿಡುತ್ತದೆ. ಅಂಥ ಕಡೆ ಕೂತು ಮಡಿಕೇರಿ, ಸಕಲೇಶಪುರ, ಜೋಗ ನೋಡಿದರೆ ಹೊಟ್ಟೆಕಿಚ್ಚು ಆಗದೇ ಇರುತ್ತಾ?

ಇನ್ನರ್ಧ ಕಾರಣ ಒಂದು ಮದುವೆ. ಹೊಸದಾಗಿ ವಿಡಿಯೋ ಶೂಟಿಂಗ್ ಹಿಡಿದ ದಿನಗಳು. ಅಕ್ಕಿಕಾಳು ಬೀಳುವ ಹೊತ್ತಿಗೆ ಜೋರು ಮಳೆ ಬಂತು, ಹೊರಗೆ ಊಟಕ್ಕೆ ಕೂತವರು ಎಲೆ ಬಿಟ್ಟು ಎದ್ದರು, ನಾನು ಖುಷಿಯಿಂದ ಎಲ್ಲ ಶೂಟ್ ಮಾಡಿಕೊಂಡೆ. ಆಮೇಲೆ ಮನೆಯವರು ಟಿವಿ ಮುಂದೆ ಕೂತು ನೋಡಿದರೆ, ಜನ ತಲೆ ಮೇಲೆ ಸೆರಗು, ಟವೆಲ್ಲು, ಕುರ್ಚಿ ಹೊತ್ತುಕೊಂಡು ಓಡುತ್ತಿದ್ದಾರೆ. ಮಳೆಯೇ ಇಲ್ಲ! "ಇವ್ರೆಲ್ಲಾ ಯಾಕ್ ಓಡಾಕತ್ತಾರೋ?" ಅಂದರು ಹುಡುಗಿಯ ಅಜ್ಜಿ.

ಅವತ್ತು ರಾತ್ರಿ ‘ಮುಂಗಾರು ಮಳೆ’ ಹಾಕಿ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮಳೆ ನಿಜದ್ದೋ ಪೈಪಿನದ್ದೋ, ಕ್ಯಾಮೆರಾಗೆ ಎರಡೂ ಒಂದೇ. ಬೆಳಕು ಹನಿಯ ಹಿಂದಿನಿಂದ ಬಂದರೆ, ಅದರ ಹಿಂದೆ ಕಪ್ಪಗೆ ಗಿಡವೋ ಬೆಟ್ಟವೋ ಇದ್ದರೆ ಹನಿ ಹೊಳೆಯುತ್ತದೆ. ಬಿಳಿ ಆಕಾಶದ ಎದುರು ಮಾಯ. ನಾನು ಸುಣ್ಣ ಬಳಿದ ಗೋಡೆ ಎದುರಿಗೆ ಇಟ್ಟುಕೊಂಡು ಶೂಟ್ ಮಾಡಿದ್ದೆ! ಇನ್ನು ಮೋಡದ ಬೆಳಕಿಗೆ ಗಟ್ಟಿ ನೆರಳು ಬೀಳಲ್ಲ, ಎಲೆ ಮೇಲೆ ಬಿಸಿಲು ಫಳಫಳ ಅನ್ನಲ್ಲ, ಹಾಗಾಗಿ ಹಸಿರು ಜಾಸ್ತಿ ಗಾಢವಾಗಿ ಕಾಣುತ್ತೆ. ಛಾಯಾಗ್ರಾಹಕ ಎಸ್. ಕೃಷ್ಣ ಆ ಮಂಕು ಬೆಳಕನ್ನೇ ಆಸ್ತಿ ಮಾಡಿಕೊಂಡಿದ್ದಾರೆ. 830 ಅಡಿ ಜೋಗದ ನೆತ್ತಿಯ ಮೇಲೆ ಗಣೇಶ್, ಪೂಜಾ ಗಾಂಧಿ ಇಬ್ಬರನ್ನೂ ನೋಡುವಾಗ ನನಗೆ ಈಗಲೂ ಅಂಗಾಲು ಜುಮ್ಮೆನ್ನುತ್ತೆ.

ಮನೋಮೂರ್ತಿ ಅವರ ಸಂಗೀತದ ಬಗ್ಗೆ ನನ್ನದು ಒಂದೇ ಮಾತು. ಈ ಸಿನಿಮಾದ ಪ್ರೀತಂ, ಅಂದರೆ ಗಣೇಶ್ ಪಾತ್ರ, ಬಾಯಿ ಮುಚ್ಚಲ್ಲ. ಯೋಗರಾಜ್ ಭಟ್ಟರು ಅವನಿಗೆ ಅಷ್ಟು ಮಾತು ಕೊಟ್ಟಿದ್ದಾರೆ. ಆದರೆ ಜಯಂತ ಕಾಯ್ಕಿಣಿ ಬರೆದ ‘ಅನಿಸುತಿದೆ’ ಶುರುವಾದರೆ ಸೋನು ನಿಗಮ್ ದನಿ ಮೆಲ್ಲಗೆ, ನಾಚಿಕೊಂಡು ಬರುತ್ತೆ. ಗಣೇಶ್ ದನಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದು ಮೊದಮೊದಲು ನನಗೆ ತಪ್ಪು ಅನಿಸಿತ್ತು. ಈಗ ಅದೇ ಸರಿ ಅನಿಸುತ್ತೆ. ಅಷ್ಟು ಮಾತಾಡುವವನು ಹೇಳಲಾರದೆ ಒಳಗೆ ಇಟ್ಟುಕೊಂಡದ್ದು ಬೇರೆ ದನಿಯಲ್ಲೇ ಬರಬೇಕಲ್ವಾ? (ಹಾಡು ಬಂದಾಗ ಸಿಗರೇಟಿಗೆ ಎದ್ದು ಹೋಗುವವರಿಗೆ ಇದು ತಿಳಿಯಲ್ಲ, ಬಿಡಿ.)

ಈಗ ಜೂನ್ ಮದುವೆಗಳಿಗೆ ಒಂದು ಲೈಟ್ ಜಾಸ್ತಿ ಒಯ್ಯುತ್ತೇನೆ, ಮಳೆ ಬಂದರೆ ಹಿಂದಿನಿಂದ ಹಿಡಿಯಲು. ಹೋದ ಸಲ ಮೋಡ ಕವಿಯಿತು, ನಮ್ಮ ಹುಡುಗ ಲೈಟ್ ಎತ್ತಿಕೊಂಡು ಪೆಂಡಾಲ್ ಹಿಂದೆ ಓಡಿದ. ಅರ್ಧ ತಾಸು ಹಾಗೇ ನಿಂತಿದ್ದ. ಧೂಳು ಮಾತ್ರ ಚೆನ್ನಾಗಿ ಹೊಳೆಯಿತು.