ಹುಬ್ಬಳ್ಳಿಗೆ ವೈನ್ ರುಚಿ ನೋಡಲು ಹೋಗುವವರಿಗೆ: ರೂಮ್ ಬೇರೆ ಕಡೆ ಮಾಡಿ, ಊಟ ಖಾನಾವಳಿಯಲ್ಲಿ ಮಾಡಿ

ವೈನ್ ಟೇಸ್ಟಿಂಗ್‌ಗೆ ಟಿಕೆಟ್ ತಗೊಳ್ಳಿ, ಆದರೆ ಅದು ನಡೆಯುವ ಹೋಟೆಲಿನಲ್ಲೇ ರೂಮ್ ಮಾಡಬೇಡಿ. ಕಾರ್ಯಕ್ರಮಕ್ಕೆ ಬಂದವರಿಗೆ ‘ವಿಶೇಷ ದರ’ ಎಂದು ನಮಗೆ 3,200 ರೂಪಾಯಿ ಹೇಳಿದರು. ಕೌಂಟರಿನಲ್ಲಿ ಪಕ್ಕದಲ್ಲೇ ನಿಂತಿದ್ದ ಮೆಡಿಕಲ್ ರೆಪ್ ಒಬ್ಬರಿಗೆ ಅದೇ ಮಹಡಿಯ ರೂಮ್ 1,900ಕ್ಕೆ ಸಿಕ್ಕಿತು. ಕೇಳಿದರೆ ‘ಅವರು ರೆಗ್ಯುಲರ್ ರೀ’ ಅಂದರು. ಕಿಟಕಿ ತೆಗೆದರೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್, ಮುಚ್ಚಿದರೆ ಸೆಕೆ. ಸಂಜೆ ಮೂಗಿಗೆ ಕೆಲಸ ಇರುವಾಗ ಮಧ್ಯಾಹ್ನವಿಡೀ ಒಗ್ಗರಣೆ ವಾಸನೆ.

ಬಸ್ಸಿನ ಕಥೆಯೂ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ರಾತ್ರಿ ಸ್ಲೀಪರ್. ಊರೊಳಗೆ ಇಳಿಸುತ್ತೇವೆ ಎಂದು ಟಿಕೆಟ್ ಮಾಡಿದವರು ಬೆಳಗಿನ ಜಾವ ಗಬ್ಬೂರು ಬೈಪಾಸ್‌ನಲ್ಲಿ ಎಬ್ಬಿಸಿ ಇಳಿಸಿದರು. ಗಾಡಿ ಮುಂದೆ ಬೆಳಗಾವಿಗೆ ಹೋಗಬೇಕಂತೆ, ಊರೊಳಗೆ ಬಂದರೆ ಲೇಟಾಗುತ್ತದಂತೆ. ಅಲ್ಲಿ ನಿಂತಿದ್ದ ಆಟೋದವರಿಗೆ ಇದು ದಿನದ ವ್ಯಾಪಾರ, ನಾಲ್ಕು ನೂರಕ್ಕೆ ಒಂದು ಪೈಸೆ ಇಳಿಯಲಿಲ್ಲ. ಸುಮ್ನೆ ರೈಲಿನಲ್ಲಿ ಬನ್ನಿ. ಧಾರವಾಡದಲ್ಲಿ ಉಳಿದುಕೊಂಡರೂ ತೊಂದರೆ ಇಲ್ಲ, ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ತನ್ನದೇ ದಾರಿಯಲ್ಲಿ ಹೋಗುತ್ತದೆ, ಟ್ರಾಫಿಕ್ ಕಾಟ ಕಡಿಮೆ. ಮುಂದಿನ ಸಲ ನಾನು ಹಾಗೇ ಮಾಡುವವನು.

ಇಷ್ಟೆಲ್ಲ ಆದರೂ ಹೋಗಿ ಅನ್ನುವುದು ವೈನ್ ಮಾಡಿದವರೇ ಬಂದು ಕುಡಿಸುತ್ತಾರೆ ಎಂಬ ಕಾರಣಕ್ಕೆ. ಬಂದಿದ್ದವರು ವಿಜಯಪುರ ಕಡೆಯ ಒಂದು ಚಿಕ್ಕ ವೈನರಿಯ ಮಹಿಳೆ. ಅವರ ಬಾಟಲಿಗಳೆಲ್ಲ 600 ರೂಪಾಯಿ ಒಳಗೆ, ಎಲ್ಲವೂ ಬ್ಲೆಂಡ್. ಒಂದೇ ದ್ರಾಕ್ಷಿಯ ವೈನ್ ಶ್ರೇಷ್ಠ, ಬೆರಕೆ ಅಂದರೆ ಉಳಿದದ್ದನ್ನೆಲ್ಲ ಸುರಿದದ್ದು ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಆ ಮಹಿಳೆ ವಾದಕ್ಕೇ ಇಳಿಯಲಿಲ್ಲ. ಟೇಬಲ್ ಮೇಲೆ ಲೇಬಲ್ ಇಲ್ಲದ ಮೂರು ಬಾಟಲಿ, 100 ಮಿಲಿಯ ಒಂದು ಅಳತೆ ಜಾಡಿ, ಒಂದು ಪಿಪೆಟ್ ಇಟ್ಟರು.

ಮೊದಲು ಶಿರಾಜ್ ದ್ರಾಕ್ಷಿಯ ಕೆಂಪು ವೈನ್ ಒಂದೇ. ಗಾಢ ಬಣ್ಣ, ಬಾಯಿ ತುಂಬ ಹಣ್ಣಿನ ರುಚಿ, ನುಂಗಿದ ಕೂಡಲೇ ಏನೂ ಇಲ್ಲ. ಆಮೇಲೆ ಕ್ಯಾಬರ್ನೆ ಸುವಿನ್ಯೋ. ನಾಲಿಗೆ, ಒಸಡು ಎಲ್ಲ ಒಗರು ಹಿಡಿದು ಒಣಗಿತು. ಸಿಪ್ಪೆ, ಬೀಜದಿಂದ ಇಳಿಯುವ ಟ್ಯಾನಿನ್ ಅದು. ನಂತರ ಜಾಡಿಗೆ 70 ಮಿಲಿ ಶಿರಾಜ್, 30 ಮಿಲಿ ಕ್ಯಾಬರ್ನೆ ಸುರಿದು ಕೊಟ್ಟರು. ಒಗರು ಹದಕ್ಕೆ ಬಂದಿತ್ತು, ರುಚಿಯೂ ಗಂಟಲವರೆಗೆ ಉಳಿಯಿತು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ ಅಂತ ಎರಡನ್ನೂ ಸೇರಿಸಿ ಖಾರದಪುಡಿ ಕುಟ್ಟಿಸೋದಿಲ್ವಾ, ಹಾಗೇ ಇದು ಎಂದು ನಕ್ಕರು. ಕೊನೆಗೆ ಪಿಪೆಟ್‌ನಿಂದ ಐದು ಮಿಲಿ ಶೆನಿನ್ ಬ್ಲಾಂಕ್ ಬಿಟ್ಟರು. ಕೆಂಪಿಗೆ ಬಿಳಿ! ಹಿಂದಿನ ಸಾಲಿನಿಂದ ಯಾರೋ ‘ಅಯ್ಯೋ’ ಅಂದರು. ಕುಡಿದರೆ ಬಾಯಲ್ಲಿ ನೀರೂರಿತು. ಬಿಸಿಲ ನಾಡಿನ ದ್ರಾಕ್ಷಿ ಹಣ್ಣಾಗುವಷ್ಟರಲ್ಲಿ ಹುಳಿ ಇಳಿದುಬಿಡುತ್ತದೆ. ಶೆನಿನ್ ಮಾತ್ರ ಬಿಸಿಲಲ್ಲೂ ಹುಳಿ ಉಳಿಸಿಕೊಳ್ಳುತ್ತದೆ, ಅದಕ್ಕೇ ಆ ಐದು ಮಿಲಿ.

ಅಗ್ಗ ಹೇಗೆ ಅಂತಲೂ ಮುಚ್ಚುಮರೆ ಇಲ್ಲದೆ ಹೇಳಿದರು. ಮರದ ಪರಿಮಳ ಕೊಡುವ ಓಕ್ ಪೀಪಾಯಿ ಇಲ್ಲ, ಎಲ್ಲ ಸ್ಟೀಲ್ ಟ್ಯಾಂಕ್. 225 ಲೀಟರ್‌ನ ಪೀಪಾಯಿ ಹೊರದೇಶದಿಂದ ತರಿಸಬೇಕು, ಕೆಲವು ವರ್ಷಕ್ಕೆ ಅದರ ಸಾರವೂ ಮುಗಿಯುತ್ತದೆ. ಬದಲಿಗೆ ಓಕ್ ಮರದ ಚೂರುಗಳನ್ನು ಟ್ಯಾಂಕಿನೊಳಗೆ ನೆನೆಸುತ್ತಾರೆ. ಕಾರ್ಕ್ ಬದಲು ತಿರುಪು ಮುಚ್ಚಳ. ವರ್ಷಗಟ್ಟಲೆ ಕೂಡಿಡುವುದೂ ಇಲ್ಲ. ಹಾಗಾಗಿ ನೀವೂ ಕೂಡಿಡಬೇಡಿ, ಇಂಥ ವೈನ್ ಇಟ್ಟಷ್ಟೂ ಸಪ್ಪೆಯಾಗುತ್ತದೆ.

ಟಿಕೆಟ್‌ನಲ್ಲಿ ‘ತಿನಿಸು ಸೇರಿ’ ಎಂದಿತ್ತು. ಬಂದದ್ದು ಡಬ್ಬದ ಚೀಸ್ ತುಂಡು, ಉಪ್ಪು ಶೇಂಗಾ. ಯಾರೋ ಪುಣ್ಯಾತ್ಮರು ಧಾರವಾಡ ಪೇಡೆ ಹಂಚಿದರು. ಪೇಡೆ ತಿಂದು ಒಣ (ಸಿಹಿ ಇಲ್ಲದ) ವೈನ್ ಕುಡಿದರೆ ಹುಣಸೆ ನೀರು! ಪೇಡೆ ಮನೆಗೆ ಒಯ್ಯಿರಿ.

ಊಟಕ್ಕೆ ಖಾರದ ಮಾಂಸದಡುಗೆಗೆ ಹೆಸರಾದ ಸಾವಜಿ ಖಾನಾವಳಿಗೆ ಹೋಗಿ. ನಾವು ಹೋದದ್ದು ಹಳೇ ಊರಿನ ಗಲ್ಲಿಯೊಳಗಿನ ಒಂದು ಚಿಕ್ಕ ಖಾನಾವಳಿ, ಬೋರ್ಡೂ ಸರಿಯಾಗಿ ಕಾಣುವುದಿಲ್ಲ. ಆರು ಟೇಬಲ್, ಗೋಡೆಗೆ ಎಣ್ಣೆ ಜಿಡ್ಡು, ಕಾಯಲೇಬೇಕು. ನನಗೆ ಗದ್ದಲ ಅಂದರೆ ಆಗುವುದಿಲ್ಲ, ಆದರೂ ಇಲ್ಲಿ ಕಾದೆ. ಜೋಳದ ರೊಟ್ಟಿ ಕೈಲಿ ತಟ್ಟಿದ್ದು, ಹಂಚಿನಿಂದ ನೇರ ತಟ್ಟೆಗೆ. ಖೈಮಾ ಉಂಡೆ ಮುರಿದರೆ ಒಳಗಿನವರೆಗೂ ಮಸಾಲೆ ಹಿಡಿದಿತ್ತು. ಮಟನ್ ಸಾರಿನ ಮೇಲೆ ಒಂದು ಬೆರಳು ಕೆಂಪೆಣ್ಣೆ. ಮೊದಲ ತುತ್ತಿಗೆ ಪರಿಮಳ, ಎರಡನೆಯದಕ್ಕೆ ಕಿವಿ ಬಿಸಿ, ಆಮೇಲೆ ಮೂಗು ಕಣ್ಣು ಎರಡೂ ಸೋರಲು ಶುರು. ಬಡಿಸುವ ಅಜ್ಜಿ ಕೇಳದೇನೇ ಸೌತೆಕಾಯಿ, ಈರುಳ್ಳಿ ತಂದು ಹಾಕಿ ‘ನೀರು ಕುಡೀಬ್ಯಾಡ್ರಿ, ರೊಟ್ಟಿ ತಿನ್ರಿ’ ಅಂದರು. ಇಬ್ಬರಿಗೆ 460 ರೂಪಾಯಿ, ಸಾರು ಕೇಳಿದಷ್ಟು.

ಅಲ್ಲಿ ಬಾಟಲಿ ತೆಗೆಯುವ ಹಾಗಿಲ್ಲ. ಮರುದಿನ ಪಾರ್ಸೆಲ್ ಕಟ್ಟಿಸಿಕೊಂಡು ರೂಮಿನಲ್ಲಿ ಕೂತೆವು. ಟ್ಯಾನಿನ್, ಆಲ್ಕೋಹಾಲ್ ಎರಡೂ ಖಾರವನ್ನು ಕೆರಳಿಸುತ್ತವೆ ಎಂದು ವೈನರಿಯ ಮಹಿಳೆ ಮೊದಲೇ ಹೇಳಿದ್ದರು. ನಿಜವೇ, ಕ್ಯಾಬರ್ನೆ ಜಾಸ್ತಿ ಇದ್ದ ಬಾಟಲಿ ಬೆಂಕಿಗೆ ಎಣ್ಣೆ ಸುರಿಯಿತು. ಸ್ವಲ್ಪ ಸಿಹಿ ಇದ್ದ ಬಿಳಿ ಬ್ಲೆಂಡ್ ಮಾತ್ರ ಸಾವಜಿ ಮುಂದೆ ನಿಂತಿತು. ಹುದುಗು ಪೂರ್ತಿಯಾಗುವ ಮೊದಲೇ ಟ್ಯಾಂಕನ್ನು ತಣ್ಣಗೆ ಮಾಡಿ ನಿಲ್ಲಿಸಿದರೆ ಸಕ್ಕರೆ ಹಾಗೇ ಉಳಿಯುತ್ತದಂತೆ. ಅವರ ಬಾಟಲಿಗಳಲ್ಲಿ ಅದೇ ಎಲ್ಲಕ್ಕಿಂತ ಅಗ್ಗ. ಕೆಂಪೇ ಬೇಕು ಅನ್ನುವವರು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಕುಡಿಯಿರಿ. ಮಾರ್ಚ್ ಸೆಕೆಯಲ್ಲಿ ಹಾಗೇ ಕುಡಿದರೆ ಬರೀ ಸ್ಪಿರಿಟ್ ವಾಸನೆ.

ಹೋಗುವ ಕಾಲ ನೋಡಿಕೊಳ್ಳಿ. ದ್ರಾಕ್ಷಿ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಮುಗಿದ ಮೇಲೆ ಬಂದರೆ ಟ್ಯಾಂಕಿನಿಂದ ಆಗಷ್ಟೇ ತೆಗೆದ, ಇನ್ನೂ ಮಸುಕಾಗಿರುವ ಹೊಸ ವೈನೂ ಸಿಗಬಹುದು, ಕೇಳಿ ನೋಡಿ. ಬಣ್ಣದಾಟದ ರಂಗಪಂಚಮಿ ದಿನ ಮಾತ್ರ ಬೇಡ. ಹುಬ್ಬಳ್ಳಿಯ ಹೋಳಿ ನೋಡಬೇಕೆಂದೇ ಬರುವವರಿದ್ದಾರೆ, ನಾನು ಅವರಲ್ಲಿ ಒಬ್ಬನಲ್ಲ. ಹಬ್ಬ, ಗಣೇಶ ವಿಸರ್ಜನೆ, ಚುನಾವಣೆ ಹೊತ್ತಿಗೆ ಮದ್ಯ ಮಾರಾಟ ಬಂದ್ ಆಗುವುದೂ ಉಂಟು. ಅಂಗಡಿಯಲ್ಲಿ ಕೊಳ್ಳುವಾಗ ಬಿಸಿಲು ಬೀಳುವ ಶೋಕೇಸಿನ ಬಾಟಲಿ ಬಿಟ್ಟು ಒಳಗಿನಿಂದ ತರಿಸಿ.

ರೈಲಿನಲ್ಲಿ ವಾಪಸ್ ಹೊರಡುವವರು ನಿಮ್ಮ ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಹುಬ್ಬಳ್ಳಿಯ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್. ಗಾಜಿನ ಬಾಟಲಿಗಳ ಚೀಲ ಹೊತ್ತು ಆ ತುದಿಯಿಂದ ಈ ತುದಿಗೆ ಓಡುವುದು ಬೇಡ.