ಒಂದು ‘ಎಂದುಕೊಂಡು’, ನಿಂತ ಮೆಷಿನ್ನು

ಮಕ್ಕಳ ಚಿತ್ರಪುಸ್ತಕವೊಂದರ ಹಸ್ತಪ್ರತಿಯ ಆರನೇ ಪುಟದಲ್ಲಿ ಇದ್ದದ್ದು ಎರಡೇ ಪದ: ‘ದೋಣಿ ಹೊರಟಿತು.’ ಚಿತ್ರದಲ್ಲಿ ಬಟ್ಟೆ ಬುಟ್ಟಿ, ಅದರೊಳಗೆ ಮಂಡಿ ಮಡಚಿ ಕೂತ ಹುಡುಗಿ, ಕೈಯಲ್ಲಿ ಹುಟ್ಟಿನ ಬದಲು ಕಡ್ಡಿಪೊರಕೆ. ಬುಟ್ಟಿಯ ಬುಡದಲ್ಲಿ ರೆಡ್ ಆಕ್ಸೈಡ್ ನೆಲದ ಕೆಂಪು ಮೆಲ್ಲಗೆ ನೀಲಿಗೆ ತಿರುಗಿ, ಒಂದು ಹವಾಯಿ ಚಪ್ಪಲಿ ಆಗಲೇ ತೇಲುತ್ತಿತ್ತು. ಸಂಪಾದಕಿಯಾದ ನಾನು ಅದನ್ನು ತಿದ್ದಿದೆ: ‘ಬುಟ್ಟಿಯನ್ನೇ ದೋಣಿ ಎಂದುಕೊಂಡು ಹುಡುಗಿ ಸಮುದ್ರಯಾನಕ್ಕೆ ಹೊರಟಳು.’

ಮಾರಾಟ ವಿಭಾಗದವರು ‘ಪೋಷಕರಿಗೆ ಅರ್ಥ ಆಗಲ್ಲ ಮೇಡಂ, ಒಂದು ಸಾಲು ಬಿಡಿಸಿ ಹೇಳಿ’ ಅಂದಿದ್ದು ನಿಜ. ಆದರೆ ಬರೆದದ್ದು ನಾನೇ, ಬರೆದ ಮೇಲೆ ಚೆನ್ನಾಗಿದೆ ಅಂತ ಬೀಗಿದ್ದೂ ನಾನೇ. ಅಂಗನವಾಡಿಯಲ್ಲಿ ಡಮ್ಮಿ (ಅಚ್ಚಿಗೆ ಮುಂಚಿನ ಮಾದರಿ ಪುಸ್ತಕ) ಓದಿದ್ದು ಹಳೆಯ ಸಾಲಿನ ಜೊತೆ. ಹೊಸ ಸಾಲನ್ನು ಮಕ್ಕಳ ಮುಂದೆ ಓದಿ ನೋಡಲೇ ಇಲ್ಲ.

ಆಮೇಲಿನದ್ದು ಪ್ರೆಸ್ಸಿನ ಕಥೆ. ಎರಡು ಭಾಷೆಯ ಆವೃತ್ತಿಗಳು ಒಟ್ಟಿಗೆ ಅಚ್ಚಾಗುವಾಗ ಅಕ್ಷರವೆಲ್ಲ ನೂರಕ್ಕೆ ನೂರು ಕಪ್ಪಿನಲ್ಲಿ, ಓವರ್‌ಪ್ರಿಂಟ್ ಆಗಿ (ಬೇರೆ ಬಣ್ಣಗಳ ಮೇಲೇ ನೇರ ಅಚ್ಚಾಗಿ) ಕೂರಬೇಕು. ಆಗ ಸಯಾನ್ (ತಿಳಿನೀಲಿ), ಮೆಜೆಂಟಾ (ಕಡುಗುಲಾಬಿ), ಹಳದಿ ಪ್ಲೇಟುಗಳು (ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚಿನ ತಗಡು) ಎರಡಕ್ಕೂ ಒಂದೇ. ಭಾಷೆ ಬದಲಾದಾಗ ಕಪ್ಪು ಪ್ಲೇಟು ಮಾತ್ರ ಬದಲಾಗುತ್ತದೆ. ನನ್ನ ಉದ್ದನೆಯ ಸಾಲು ಮೇಲಿನ ತಿಳಿ ಗೋಡೆಯಲ್ಲಿ ಹಿಡಿಸದೆ ಕೆಳಗಿನ ಕಡುನೀಲಿಗೆ ಇಳಿಯಿತು. ಕಪ್ಪು ಕಾಣಲ್ಲವೆಂದು ಡಿಸೈನರ್ ಬಿಳಿ ಅಕ್ಷರ ಮಾಡಿದರು. ಈ ನಾಲ್ಕು ಬಣ್ಣದ ಅಚ್ಚಿನಲ್ಲಿ ಬಿಳಿ ಶಾಯಿ ಅಂತ ಇಲ್ಲ; ಆ ಅಕ್ಷರ ನಾಲ್ಕೂ ಪ್ಲೇಟಿನಲ್ಲಿ ತೂತಾಗಬೇಕು, ನಾಲ್ಕು ತೂತೂ ಕೂದಲೆಳೆಯಷ್ಟೂ ಜರುಗದೆ ಒಂದರ ಮೇಲೊಂದು ಬೀಳಬೇಕು. ಪಿಡಿಎಫ್‌ಗೆ ಒಪ್ಪಿಗೆ ಕೊಟ್ಟವಳೂ ನಾನೇ. ಪರದೆಯ ಮೇಲೆ ಬಿಳಿ ಅಕ್ಷರ ಯಾವಾಗಲೂ ಮುದ್ದಾಗಿಯೇ ಕಾಣುತ್ತದೆ.

ಮೆಷಿನ್ ಪ್ರೂಫಿನ (ಮೊದಲ ಪರೀಕ್ಷಾ ಅಚ್ಚಿನ) ಮೇಲೆ ಭೂತಗನ್ನಡಿ ಇಟ್ಟು ಮೆಷಿನ್‌ಮ್ಯಾನ್ ನನ್ನನ್ನು ಕರೆದರು. ‘ಬುಟ್ಟಿಯನ್ನೇ’ ಪದದ ಟ ಒತ್ತು ನೀಲಿಯಿಂದ ತುಂಬಿ ಚುಕ್ಕಿಯಾಗಿತ್ತು, ನ ಒತ್ತಿನ ಅರ್ಧ ಮಾಯ. ಸಾಲು ತುರುಕಲು ನಾವು ಸಾಲಿನಂತರವನ್ನೂ (ಎರಡು ಸಾಲುಗಳ ನಡುವಿನ ಜಾಗ) ಇಳಿಸಿದ್ದರಿಂದ ಉಳಿದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿತ್ತು. ಚಿಕ್ಕ ಮಕ್ಕಳ ಕನ್ನಡಕ್ಕೆ 20 ಪಾಯಿಂಟ್ ಅಕ್ಷರವಾದರೆ 30 ಪಾಯಿಂಟ್ ಸಾಲಿನಂತರ ಬೇಕು. ಇಂಗ್ಲಿಷ್ ಅಳತೆಯ ಟೆಂಪ್ಲೇಟಿನಲ್ಲಿ ಕನ್ನಡ ಕೂರಿಸಿದರೆ ಮೊದಲು ಸಾಯುವುದು ಒತ್ತಕ್ಷರ. ‘ಬಿಡ್ಲಾ, ನಿಲ್ಲಿಸ್ಲಾ ಮೇಡಂ?’ ಅಂದರು. ಹಿಂದೆ ಇನ್ನೊಬ್ಬರ ಕ್ಯಾಲೆಂಡರ್ ಕೆಲಸ ಕಾಯುತ್ತಿತ್ತು. ಕಚೇರಿಗೆ ಮೂರು ಸಲ ಫೋನ್ ಮಾಡಿದೆ, ಎಲ್ಲರೂ ಮೀಟಿಂಗಿನಲ್ಲಿ. ನಿಲ್ಲಿಸಿ ಅಂದೆ.

ಉಳಿಸಿದ್ದು ಆ ಎರಡು ಪದ. ‘ದೋಣಿ ಹೊರಟಿತು’ ಮೇಲಿನ ಗೋಡೆಯಲ್ಲಿ ಕಪ್ಪಿನಲ್ಲೇ ಹಾಯಾಗಿ ಕೂತಿತು. ಇನ್ನೊಂದು ಭಾಷೆಯ, ಈ ತೂತುಗಳಿಲ್ಲದ ಮೂರು ಬಣ್ಣದ ಪ್ಲೇಟುಗಳು ಅಲ್ಲೇ ಇದ್ದವು, ಕಪ್ಪು ಒಂದನ್ನು ಹೊಸದಾಗಿ ಹಾಕಿಸಿದೆವು. ಅಂದರೆ ಪುಸ್ತಕ ಬದುಕಿದ್ದು ಒತ್ತಕ್ಷರದ ದಯೆಯಿಂದ. ಅಚ್ಚು ಚೆನ್ನಾಗಿ ಬಂದಿದ್ದರೆ ನನ್ನ ‘ಎಂದುಕೊಂಡು’ ಹಾಗೇ ಹೊರಗೆ ಹೋಗುತ್ತಿತ್ತು.

ಆ ಪದ ಮಾಡುವ ಹಾನಿಯನ್ನು ನಾನು ಕಾಗದ ಕತ್ತರಿಸುವುದನ್ನು ಕಾಯುತ್ತಾ ಯೋಚಿಸಿದ್ದು. ‘ಎಂದುಕೊಂಡು’, ‘ಅಂತೆ’, ‘ಹಾಗೆ’, ‘ಕನಸಿನಲ್ಲಿ’ ಇವೆಲ್ಲ ದೊಡ್ಡವರು ಬಾಗಿಲಲ್ಲಿ ನಿಂತು ‘ಅದು ಬುಟ್ಟಿ ಕಣೇ’ ಅನ್ನುವ ಪದಗಳು. ಅಮೆರಿಕದ ಲೇಖಕ-ಚಿತ್ರಕಾರ ಮಾರಿಸ್ ಸೆಂಡಾಕ್ 1963ರ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ನಲ್ಲಿ ಕೋಣೆಯಲ್ಲಿ ಕಾಡು ಬೆಳೆಯಿತು ಅಂತಲೇ ಬರೆದ, ಹುಡುಗ ಊಹಿಸಿದ ಅಂತಲ್ಲ. ಚಿತ್ರಗಳೂ ಅಂಚಿನ ಬಿಳಿಯನ್ನು ತಿನ್ನುತ್ತಾ ದೊಡ್ಡದಾಗಿ, ಹುಡುಗ ಕಾಡಿನ ವಿಚಿತ್ರ ಪ್ರಾಣಿಗಳ ಜೊತೆ ಕುಣಿಯುವಾಗ ಮೂರು ಜೋಡಿ ಪುಟ ಒಂದಕ್ಷರವೂ ಇಲ್ಲ. ನಮ್ಮಲ್ಲಿ ಅಂಥ ಮೂರು ಜೋಡಿ ಪುಟ ಖಾಲಿ ಬಿಟ್ಟರೆ ‘ಪಠ್ಯ ಬಿಟ್ಟುಹೋಗಿದೆ’ ಅಂತ ಕೆಂಪು ಗುರುತು ಬರುತ್ತದೆ.

ಈಗ ಡಮ್ಮಿ ಓದುವ ಮೊದಲು ಅಕ್ಷರದ ಮೇಲೆ ಬಿಳಿ ಚೀಟಿ ಅಂಟಿಸುತ್ತೇನೆ. ‘ಇದೇನು?’ ಅಂತ ಕೇಳಿದರೆ ಮಕ್ಕಳು ‘ಬುಟ್ಟಿ’ ಅನ್ನುತ್ತಾರೆ, ಪರೀಕ್ಷೆಯ ಉತ್ತರದ ಹಾಗೆ. ‘ಏನಾಗ್ತಿದೆ?’ ಅಂತ ಕೇಳಿ ಹತ್ತು ಎಣಿಸುವವರೆಗೆ ಪುಟ ತಿರುಗಿಸಬಾರದು. ಅವತ್ತು ಅಂಗನವಾಡಿಯಲ್ಲಿ ಏಳು ಎಣಿಸುವಷ್ಟರಲ್ಲಿ ಹಿಂದೆ ಕೂತವಳೊಬ್ಬಳು ‘ಅಯ್ಯೋ ಚಪ್ಲಿ ಹೋಯ್ತು!’ ಅಂದಿದ್ದಳು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಇದ್ದೆ. ಚೀಟಿ ತೆಗೆದ ಮೇಲೆ ಸಾಲು ಮಕ್ಕಳು ಹೇಳಿದ್ದನ್ನೇ ಮತ್ತೆ ಹೇಳಿದರೆ ಆ ಸಾಲಿಗೆ ಗೀಟು.

 

ನಮ್ಮ ಮೌಲ್ಯಮಾಪನ ಫಾರ್ಮಿನಲ್ಲಿ ‘ಕಥೆಯ ನೀತಿ’ ಎಂಬ ಕಾಲಂ ಈಗಲೂ ಇದೆ. ಬುಟ್ಟಿಯ ಪುಸ್ತಕಕ್ಕೆ ನಾನು ಅಲ್ಲೊಂದು ಅಡ್ಡಗೀಟು ಎಳೆದು ಕಳಿಸಿದೆ. ವಾಪಸ್ ಬಂದಿದೆ, ‘ದಯವಿಟ್ಟು ಭರ್ತಿ ಮಾಡಿ’ ಅಂತ.