ನಿಂತು ಗಾಳ ಹಾಕಲು ಎಂಥ ಕನೂ ಬೇಕು: ಅಗಲ, ತಳ, ಹೊತ್ತೊಯ್ಯುವ ತೂಕ

ಕೂತವರ ಕಣ್ಣಿಗೆ ಅಂತರಗಂಗೆಯ ನಡುವಿನ ತೆರಪು ಕಾಣುವುದಿಲ್ಲ. ಎದ್ದು ನಿಂತರೆ ಅದೇ ಕೆರೆ ಬೇರೆಯಾಗಿ ತೋರುತ್ತದೆ: ಜೊಂಡಿನ ಅಂಚು ಎಲ್ಲಿ ಮುಗಿಯುತ್ತದೆ, ಜಾಲಿ ಬೊಡ್ಡೆ ಎಲ್ಲಿ ಮುಳುಗಿದೆ, ಕೊರವ ಮೀನು ಗಾಳಿ ಕುಡಿಯಲು ಎಲ್ಲಿ ಮೇಲೆ ಬಂತು, ಎಲ್ಲವೂ ಕಾಣುತ್ತವೆ. (ಮರಿಗಳ ಗುಂಪನ್ನು ಕಾಯುತ್ತಿರುವ ಕೊರವ ಕಂಡರೆ ಅದರ ತಂಟೆಗೆ ಹೋಗಬೇಡಿ. ತಾಯಿ-ತಂದೆ ಹೋದರೆ ಮರಿಗಳು ಇತರ ಮೀನಿನ ಪಾಲು.) ಆದರೆ ನಿಲ್ಲಬೇಕೆಂದರೆ ಕಾಲ ಕೆಳಗಿನ ದೋಣಿ ಅದಕ್ಕೆ ತಕ್ಕದ್ದಿರಬೇಕು.

ತುಂಗಭದ್ರೆಯಲ್ಲಿ ತಲೆತಲಾಂತರದಿಂದ ಹರಿಗೋಲು ನಡೆಸುವವರಿದ್ದಾರೆ. ಬಿದಿರಿನ ಬುಟ್ಟಿ, ಕೆಳಗೆ ಡಾಂಬರು ಬಳಿದ ಹಾಳೆ. ದುಂಡಗೆ, ಅಗಲವಾಗಿ, ಗೇಣು ನೀರಿದ್ದರೂ ತೇಲುತ್ತದೆ, ಬಲೆ ಬಿಡಲು ಅದಕ್ಕೆ ಸಮನಿಲ್ಲ. ಗಾಳದ ರಾಡ್ ಬೀಸುವ ಕೆಲಸಕ್ಕೆ ಮಾತ್ರ ಒಗ್ಗುವುದಿಲ್ಲ. ಮುಂದು ಹಿಂದು ಇಲ್ಲದ್ದರಿಂದ ಪ್ರತಿ ಬೀಸಿಗೂ ತಿರುಗುತ್ತದೆ, ಗುರಿ ಇಟ್ಟ ಜಾಗ ಬೆನ್ನ ಹಿಂದೆ ಹೋಗಿರುತ್ತದೆ.

ಕನೂ ಅಂದರೆ ಹುಟ್ಟು ಹಾಕಿ ನಡೆಸುವ, ಎರಡೂ ತುದಿ ಕಿರಿದಾದ ಉದ್ದನೆಯ ಹಗುರ ದೋಣಿ. ಅದನ್ನು ಮಾರುವವರು ಮೊದಲು ಉದ್ದ ಹೇಳುತ್ತಾರೆ. ನಿಲ್ಲುವವರು ಮೊದಲು ಕೇಳಬೇಕಾದದ್ದು ಅಗಲ, ಅದೂ ಮೇಲಂಚಿನ ಅಗಲವಲ್ಲ, ನೀರು ಮುಟ್ಟುವ ಮಟ್ಟದ ಅಗಲ. ಅಷ್ಟೇ ಭಾರ ಹೊತ್ತ ದೋಣಿ ವಾಲಿದಾಗ ಅದನ್ನು ಮರಳಿ ನೆಟ್ಟಗೆ ಮಾಡಲು ನೀರು ಕೊಡುವ ಬಲ ಉದ್ದ ಹೆಚ್ಚಿದಷ್ಟೇ ಹೆಚ್ಚುತ್ತದೆ, ಅಗಲಕ್ಕಾದರೆ ಘನದ ಲೆಕ್ಕದಲ್ಲಿ ಹೆಚ್ಚುತ್ತದೆ. 12 ಅಡಿಯನ್ನು 14 ಮಾಡಿದರೆ ಸಿಗುವುದು ಶೇ. 17. ಅಗಲವನ್ನು 30 ಇಂಚಿನಿಂದ 33ಕ್ಕೆ ಏರಿಸಿದರೆ ಶೇ. 33, ಮೂರೇ ಇಂಚಿಗೆ.

ಒಂದು ಲೆಕ್ಕ ಹಾಕಿ ನೋಡೋಣ. ಆಳು 75 ಕೆಜಿ, ದೋಣಿ 27, ಸಾಮಾನು 18, ಒಟ್ಟು 120 ಕೆಜಿ. ಕೂತಾಗ ಈ ಇಡೀ ಭಾರದ ಕೇಂದ್ರ ತಳದಿಂದ ಸುಮಾರು 35 ಸೆಂ.ಮೀ. ಮೇಲಿರುತ್ತದೆ, ಎದ್ದರೆ 68ರ ಆಸುಪಾಸು. ಈ ಕೇಂದ್ರ ಮೇಲೇರಿದಷ್ಟೂ ದೋಣಿಗೆ ಹೆಚ್ಚು ಅಗಲ ಬೇಕು. ನೀರಿನ ಮಟ್ಟದಲ್ಲಿ 28 ಇಂಚು ಅಗಲದ 12 ಅಡಿ ಕನೂ ಕೂತವರನ್ನು ಆರಾಮಾಗಿ ಹೊರುತ್ತದೆ, ನಿಂತವರನ್ನು ತಡೆಯುವುದಿಲ್ಲ. 32 ಇಂಚು ಇದ್ದರೆ ತಡೆಯುತ್ತದೆ. ಅಂದರೆ ಮೇಲಂಚಿನಲ್ಲಿ 35-36 ಇಂಚು ಬೇಕು. ಅಂಗಡಿಯಲ್ಲೇ ನೋಡಬೇಕಿದ್ದರೆ ನಡುಭಾಗದಲ್ಲಿ ತಳದಿಂದ 4 ಇಂಚು ಮೇಲೆ ಟೇಪು ಹಿಡಿಯಿರಿ. ಒಬ್ಬರು ಕೂತ ದೋಣಿ ಹೆಚ್ಚುಕಡಿಮೆ ಅಷ್ಟು ಮುಳುಗುತ್ತದೆ.

ಇನ್ನು ತಳ. ಪೂರ್ತಿ ಚಪ್ಪಟೆ ತಳ ನಿಂತ ನೀರಲ್ಲಿ ಹಲಗೆಯಂತೆ ಗಟ್ಟಿ ಅನ್ನಿಸುತ್ತದೆ, ಆದರೆ ಒಂದು ಮಿತಿ ದಾಟಿ ವಾಲಿತೆಂದರೆ ಮುನ್ಸೂಚನೆಯಿಲ್ಲದೆ ಮಗುಚುತ್ತದೆ. ದುಂಡು ತಳ ಮೊದಲಿನಿಂದಲೇ ತೂಗಾಡುತ್ತದೆ, ನಿಲ್ಲಲು ಆಗದು. ಇವೆರಡರ ನಡುವಿನ, ತುಸುವೇ ಬಾಗಿದ ತಳ ನಮ್ಮ ಆಯ್ಕೆ. ಸ್ವಲ್ಪ ಅಲ್ಲಾಡುತ್ತದೆ, ಆದರೆ ವಾಲಿದಷ್ಟೂ ಬಿಗಿಯಾಗುತ್ತ ಹೋಗುತ್ತದೆ, ಕಾಲಿಗೆ ಅದು ತಿಳಿಯುತ್ತದೆ. ಪಕ್ಕಗಳು ಮೇಲಕ್ಕೆ ಹೋಗುತ್ತ ಹೊರಕ್ಕೆ ಅರಳಿರಲಿ. ಪಕ್ಕದ ಎತ್ತರ ನಡುವೆ 12-13 ಇಂಚು ಸಾಕು. ಅದಕ್ಕಿಂತ ಎತ್ತರವಾದರೆ ಗದಗದ ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ದೋಣಿಯೇ ಹಾಯಿಯಾಗುತ್ತದೆ.

ತೂಕದ ಮಾತು ನಮ್ಮ ಕಡೆ ಎರೆಮಣ್ಣಿನ ಮಾತು. ಬೇಸಿಗೆಯಲ್ಲಿ ಕೆರೆಯ ನೀರು ಹಿಂದೆ ಸರಿದಾಗ ಗಾಡಿ ನಿಲ್ಲುವ ಜಾಗಕ್ಕೂ ನೀರಿಗೂ ನಡುವೆ ಇನ್ನೂರು ಮೀಟರು ಬಿರುಕು ಬಿಟ್ಟ ನೆಲ, ಕೊನೆಯ ಇಪ್ಪತ್ತು ಮೀಟರು ಮೊಣಕಾಲುದ್ದ ರಾಡಿ. ಚಕ್ರದ ಗಾಡಿ ಅಲ್ಲಿ ಹೂತುಹೋಗುತ್ತದೆ, ಹೆಗಲೇ ಗತಿ. ಒಬ್ಬರು ಹೊರುವುದಾದರೆ 25-28 ಕೆಜಿ ಮಿತಿ. ಪಾಲಿಥಿನ್ ಅಚ್ಚಿನ ಕನೂ ಕಲ್ಲಿಗೆ ಜಗ್ಗುವುದಿಲ್ಲ, ಬೆಲೆಯೂ ಕಡಿಮೆ, ಆದರೆ ಈ ಅಗಲಕ್ಕೆ 35-40 ಕೆಜಿ ಆಗಿಬಿಡುತ್ತದೆ. ನಮ್ಮ ಮತ ಫೈಬರ್‌ಗ್ಲಾಸಿಗೆ. ಗೀಚಿದರೆ ರಾಳ, ಬಟ್ಟೆ ಹಾಕಿ ಮನೆಯಲ್ಲೇ ತೇಪೆ ಹಚ್ಚಬಹುದು. ಮಾರುವವರು ಹೇಳುವ ತೂಕದಲ್ಲಿ ಎಷ್ಟೋ ಸಲ ಸೀಟು, ಅಡ್ಡಪಟ್ಟಿ ಸೇರಿರುವುದಿಲ್ಲ. ಮೆಣಸಿನಕಾಯಿ ಚೀಲ ತೂಗುವ ಕಾಟಾದ ಮೇಲೆ ಎಲ್ಲ ಜೋಡಿಸಿಯೇ ತೂಗಿಸಿ. ಹೊರಲು ನಡುವಿನ ಅಡ್ಡಪಟ್ಟಿ ಸರಿಯಾಗಿ ತೂಕದ ಮಧ್ಯದಲ್ಲಿದೆಯೇ ಅಂತಲೂ ಆಗಲೇ ಎತ್ತಿ ನೋಡಿ.

ಪ್ಲೈವುಡ್ಡಿನಲ್ಲಿ ಬಡಗಿಯಿಂದ ಮಾಡಿಸುವುದಾದರೆ ಐಎಸ್ 710 ಗುರುತಿನ (ನೀರಿಗೆ ತಡೆಯುವ ಮೆರೈನ್ ಪ್ಲೈವುಡ್ಡಿನ ಗುರುತು) 4 ಮಿ.ಮೀ. ಹಾಳೆ ತನ್ನಿ. 8×4 ಅಡಿಯ ಒಂದು ಹಾಳೆಯೇ ಸುಮಾರು 9 ಕೆಜಿ ಇರುತ್ತದೆ, 6 ಮಿ.ಮೀ. ಆದರೆ 13. ಮೂರು ಹಾಳೆಯ ಕೆಲಸದಲ್ಲಿ ಈ ವ್ಯತ್ಯಾಸ ಹೆಗಲಿಗೆ ತಿಳಿಯುತ್ತದೆ. ಗಾಳಿ ತುಂಬುವ ದೋಣಿ ಮಾತ್ರ ನಮ್ಮ ಕೆರೆಗಳಿಗೆ ಬೇಡವೇ ಬೇಡ. ಎಷ್ಟೋ ಕೆರೆಯಂಗಳದಲ್ಲಿ ಜಾಲಿ ಬೆಳೆದಿದೆ, ನೀರಿನಡಿಯ ಒಂದು ಮುಳ್ಳು ಸಾಕು.

ಕೊಳ್ಳುವ ಮೊದಲು ಮೊಣಕಾಲುದ್ದ ನೀರಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು ಪರೀಕ್ಷಿಸಿ. ಸಾಮಾನಿನಷ್ಟು ತೂಕದ ನೀರಿನ ಕ್ಯಾನು ಇಡಿ, ಕೂತುಕೊಳ್ಳಿ, ಪಕ್ಕದ ಅಂಚು ನೀರಿನಿಂದ 6 ಇಂಚಾದರೂ ಮೇಲಿರಬೇಕು. ಎರಡೂ ಅಂಚು ಹಿಡಿದು ಕುಕ್ಕರುಗಾಲಲ್ಲಿ ಏಳಿ, ಪಾದಗಳು ನಡುಗೆರೆಯ ಎರಡೂ ಬದಿ ಭುಜದಷ್ಟು ದೂರ, ಮೊಣಕಾಲು ಸಡಿಲ, ಕಣ್ಣು ದಂಡೆಯ ಮೇಲೆ. ಒಂದೊಂದೇ ಕಾಲಿಗೆ ಭಾರ ಹಾಕಿ. ವಾಲಿ ನಿಂತುಬಿಟ್ಟರೆ ಸರಿ, ವಾಲುತ್ತಲೇ ಹೋದರೆ ಆ ದೋಣಿ ಬಿಡಿ. ಕೊನೆಗೆ ಬೇಕೆಂದೇ ನೀರು ತುಂಬಿಸಿ ನೋಡಿ. ಫೈಬರ್ ತಾನಾಗಿ ತೇಲುವುದಿಲ್ಲ, ಎರಡು ತುದಿಗೂ ಮುಚ್ಚಳ ಬಿಗಿದ ಹತ್ತು ಲೀಟರಿನ ಒಂದೊಂದು ಖಾಲಿ ಕ್ಯಾನನ್ನಾದರೂ ಬಿಗಿಯಾಗಿ ಕಟ್ಟಬೇಕು.

ಇರುವ ದೋಣಿ ಕಿರಿದಾಗಿದ್ದರೆ 110 ಮಿ.ಮೀ. ಪಿವಿಸಿ ಪೈಪು ನೆರವಿಗೆ ಬರುತ್ತದೆ. ಎರಡೂ ಬಾಯಿಗೆ ಕ್ಯಾಪು ಅಂಟಿಸಿದ ಒಂದು ಮೀಟರು ಪೈಪು ಪೂರ್ತಿ ಮುಳುಗಿದಾಗ ತನ್ನ ತೂಕ ಕಳೆದು ಸುಮಾರು 8 ಕೆಜಿ ಎತ್ತುತ್ತದೆ. ನಡುಗೆರೆಯಿಂದ ಎರಡೂವರೆ ಅಡಿ ದೂರಕ್ಕೆ, ನಿಲ್ಲುವ ಜಾಗಕ್ಕಿಂತ ಹಿಂದೆ, ನೀರಿನಿಂದ ಎರಡು ಬೆರಳು ಮೇಲೆ ಕಟ್ಟಿ. ನೀರಿಗೆ ತಾಗಿಸಿ ಕಟ್ಟಿದರೆ ಹುಟ್ಟು ಹಾಕುವಾಗ ಎಳೆತ, ಅಂತರಗಂಗೆಯ ಬೇರೂ ಸಿಕ್ಕಿಕೊಳ್ಳುತ್ತದೆ.

ಒಳ್ಳೆಯ ದೋಣಿಯಲ್ಲೂ ಬೀಳುವುದು ಬಹುಮಟ್ಟಿಗೆ ಎರಡು ತಪ್ಪಿನಿಂದ. ಒಂದು, ಹಿಂಬದಿ ಸೀಟಿನ ಹತ್ತಿರ ನಿಲ್ಲುವುದು. ಮೂತಿ ಮೇಲೇಳುತ್ತದೆ, ನೀರಲ್ಲಿ ಉಳಿಯುವುದು ಕಿರಿದಾದ ಹಿಂತುದಿ. ನಡುವಿನಿಂದ ಒಂದು ಹೆಜ್ಜೆಗಿಂತ ಹಿಂದೆ ಹೋಗಬೇಡಿ, ಹೋಗಲೇಬೇಕೆಂದರೆ ಮುಂದೆ ಹತ್ತು ಲೀಟರು ನೀರಿಡಿ. ಎರಡನೆಯದು ಇನ್ನೂ ಕೆಟ್ಟದ್ದು. ಗಾಳ ಜಾಲಿ ಬೊಡ್ಡೆಗೆ ಸಿಕ್ಕಿರುತ್ತದೆ, ನಿಂತೇ ಜಗ್ಗುತ್ತೀರಿ, ರಾಡ್ ಬಾಗುತ್ತದೆ, ಮೈಯ ಭಾರವೆಲ್ಲ ಹಿಮ್ಮಡಿಗೆ ಬಂದಿರುತ್ತದೆ. ಆಗ ದಾರ ಪಟ್ಟೆಂದು ಹರಿಯುತ್ತದೆ. ಹಿಡಿತ ತಪ್ಪಿದ ಮೈ ಸೀದಾ ಹಿಂದಕ್ಕೆ ಬೀಳುತ್ತದೆ. ಗಾಳ ಸಿಕ್ಕಿತೆಂದರೆ ಮೊದಲು ಕೂತುಕೊಳ್ಳಿ, ಹುಟ್ಟು ಹಾಕಿ ಬೊಡ್ಡೆಯ ಆಚೆ ಬದಿಗೆ ಹೋಗಿ ಬಿಡಿಸಿ. ಮೀನಿನ ಲೋಳೆಗೂ ಕಾಲು ಜಾರುತ್ತದೆ, ನಿಲ್ಲುವ ಜಾಗಕ್ಕೆ 6 ಮಿ.ಮೀ. ಫೋಮ್ ಮ್ಯಾಟು ಅಂಟಿಸಿ.

ಲಂಗರು ತುದಿಯಿಂದಲೇ ಬಿಡಬೇಕು, ಪಕ್ಕದಿಂದ ಬಿಟ್ಟರೆ ಗಾಳಿಯ ಎಳೆತ ಅಂಚನ್ನು ನೀರಿಗೆ ಒತ್ತುತ್ತದೆ. ಹಗ್ಗ ಆಳದ ಐದು ಪಟ್ಟಾದರೂ ಇರಲಿ. ವರದೆ, ತುಂಗಭದ್ರೆ ಮಳೆಗಾಲದಲ್ಲಿ ಕೆಂಪಾಗಿ ಹರಿಯುವಾಗ ನಿಲ್ಲುವ ಮಾತೇ ಬೇಡ. ಕೆರೆಯ ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ, ಗುತ್ತಿಗೆ ಹಿಡಿದವರನ್ನು ಮೊದಲು ಕೇಳಿ. ಗದಗ ಜಿಲ್ಲೆಯ ಮಾಗಡಿ ಕೆರೆ ಪಕ್ಷಿಗಳದ್ದು, ಅಲ್ಲಿಗೆ ದೋಣಿ ಒಯ್ಯಬೇಡಿ.

ಮನೆಗೆ ತಂದ ಮೇಲೆ ಕನೂ ಬೋರಲು ಹಾಕಿ, ಎರಡೂ ಅಂಚು ಮರದ ತುಂಡಿನ ಮೇಲೆ ಕೂರುವಂತೆ, ಬೇವಿನ ನೆರಳಲ್ಲಿಡಿ. ಏಪ್ರಿಲ್ ಬಿಸಿಲಿಗೆ ತಳವೂರಿ ಇಟ್ಟ ಪಾಲಿಥಿನ್ ದೋಣಿಯ ತಳ ಒಳಕ್ಕೆ ತಗ್ಗುತ್ತದೆ.